ಅಡಿಕೆ ಹಾಳೆ ತಟ್ಟೆಯ ಪೊಟ್ಟಣದ ಮೇಲೆ ಏನು ಬರೆಯಬಹುದು, ಏನು ಬರೆಯಬಾರದು?

ಪ್ರಶ್ನೆ: ತೋಟದಂಚು, ಸುಳ್ಯ

ಎಲ್ಲರಿಗೂ ನಮಸ್ಕಾರ. ಸುಳ್ಯ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಅಡಿಕೆ ಹಾಳೆ ತಟ್ಟೆ ಘಟಕವಿದೆ. ಸ್ವಂತ ತೋಟದ ಹಾಳೆ ಸಾಲದ ಕಾರಣ ಸುತ್ತಲಿನ ತೋಟಗಳಿಂದಲೂ ಕೊಂಡು, ಮಳೆ ಹಿಡಿಯುವ ಮೊದಲೇ ಒಣಗಿಸಿ ದಾಸ್ತಾನು ಮಾಡಿ, ವರ್ಷವಿಡೀ ತಟ್ಟೆ ಮತ್ತು ಬಟ್ಟಲುಗಳನ್ನು ಒತ್ತುತ್ತೇವೆ. ಮದುವೆ ಛತ್ರಗಳಿಗೂ ದೇವಸ್ಥಾನದ ಅನ್ನಸಂತರ್ಪಣೆಗೂ ಮಾಲು ಕೊಡುವಾಗ ಪೊಟ್ಟಣದ ಮೇಲೆ ಏನು ಬರೆದಿದೆಯೆಂದು ಯಾರೂ ಕೇಳಿದ್ದಿಲ್ಲ. ಈಗ ಬೆಂಗಳೂರಿನ ಕಂಪನಿಯೊಂದರ ಕ್ಯಾಂಟೀನಿಗೆ ಸರಬರಾಜು ಮಾಡುವ ಮಾತುಕತೆ ನಡೆಯುತ್ತಿದ್ದು, ಅವರು ಹೊಸ ಪೊಟ್ಟಣದ ಮಾದರಿ, ಒಂದು ಪುಟದ ಉತ್ಪನ್ನ ವಿವರಣೆ ಮತ್ತು ‘ಪರಿಸರ ಹೇಳಿಕೆ’ ಎಂಬ ಒಂದು ಪತ್ರ, ಈ ಮೂರನ್ನೂ ಕೇಳಿದ್ದಾರೆ.

ಪೊಟ್ಟಣದ ವಿನ್ಯಾಸ ಮಾಡುವವರು ಕಳುಹಿಸಿರುವ ಮಾದರಿಯಲ್ಲಿ ಹಸಿರು ಎಲೆಯ ಚಿತ್ರದ ಸುತ್ತ ಈ ಸಾಲುಗಳಿವೆ: ‘100% ಪರಿಸರಸ್ನೇಹಿ’, ‘100% ನೈಸರ್ಗಿಕ’, ‘ರಾಸಾಯನಿಕಮುಕ್ತ’, ‘60 ದಿನಗಳಲ್ಲಿ ಮಣ್ಣಾಗುತ್ತದೆ’, ‘ಮೈಕ್ರೋವೇವ್‌ಗೆ ಸುರಕ್ಷಿತ’, ‘ಎಫ್‌ಡಿಎ ಅನುಮೋದಿತ’. ಇವೆಲ್ಲ ಎಲ್ಲಿಂದ ಬಂದವು ಎಂದು ಕೇಳಿದರೆ, ಮಾರುಕಟ್ಟೆಯಲ್ಲಿರುವ ಎಲ್ಲ ಪೊಟ್ಟಣಗಳಲ್ಲೂ ಇವೇ ಇವೆಯಲ್ಲ ಎಂಬ ಉತ್ತರ ಬಂತು. ಆ ಮಾತು ಸುಳ್ಳೇನೂ ಅಲ್ಲ.

ನನ್ನ ಪ್ರಶ್ನೆಗಳು ಎರಡು. ಇವುಗಳಲ್ಲಿ ಯಾವ ಸಾಲನ್ನು ಉಳಿಸಿಕೊಳ್ಳಬಹುದು, ಯಾವುದನ್ನು ಬಿಡಬೇಕು? ಅಮೆರಿಕದವರು ಅಡಿಕೆ ಹಾಳೆಯ ತಟ್ಟೆಯನ್ನು ತಡೆಹಿಡಿದಿರುವ ಸುದ್ದಿಯನ್ನು ಖರೀದಿ ವಿಭಾಗದವರು ಓದಿದ್ದಾರೆ. ಅದರ ಬಗ್ಗೆ ಪತ್ರದಲ್ಲಿ ನಾವಾಗಿಯೇ ಪ್ರಸ್ತಾಪಿಸಬೇಕೇ, ಅಥವಾ ಅವರು ಕೇಳಿದರೆ ಮಾತ್ರ ಉತ್ತರಿಸಿದರೆ ಸಾಕೇ? ನಮ್ಮ ಮಾಲು ದೇಶದೊಳಗೇ ಮಾರಾಟವಾಗುತ್ತದೆ.

ಉತ್ತರ: ಕಟ್ಟಳೆ, ಮೈಸೂರು

ತೋಟದಂಚು ಅವರೇ, ಮೊದಲು ಎಫ್‌ಡಿಎ ಸಾಲನ್ನು ತೆಗೆದುಹಾಕಿ. ಅದರ ಬಗ್ಗೆ ಚರ್ಚೆಯ ಅಗತ್ಯವೇ ಇಲ್ಲ. ಆಹಾರ, ಔಷಧಗಳ ಮೇಲೆ ನಿಗಾ ಇಡುವ ಅಮೆರಿಕದ ಆ ಸರ್ಕಾರಿ ಸಂಸ್ಥೆಯಲ್ಲಿ ಒಂದು ಘಟಕ ಹೆಸರು ನೋಂದಾಯಿಸಿಕೊಳ್ಳುವುದು ಬೇರೆ, ಸಂಸ್ಥೆ ಆ ಘಟಕದ ವಸ್ತುವನ್ನು ಒಪ್ಪುವುದು ಬೇರೆ. ನೋಂದಣಿಯೆಂದರೆ ಅನುಮೋದನೆಯಲ್ಲ ಎಂದು ಸಂಸ್ಥೆಯೇ ಹೇಳುತ್ತದೆ. ಅದರ ಮೇಲೆ, 2025ರ ಮೇ ತಿಂಗಳಲ್ಲಿ ಅದೇ ಸಂಸ್ಥೆ ಅಡಿಕೆ ಹಾಳೆಯ ಊಟದ ಸಾಮಗ್ರಿಗಳ ವಿರುದ್ಧ ಆಮದು ಎಚ್ಚರಿಕೆ ಹೊರಡಿಸಿ, ಅಡಿಕೆಯಲ್ಲಿ ಸಹಜವಾಗಿರುವ ಅರೆಕೋಲಿನ್ ಮೊದಲಾದ ಆಲ್ಕಲಾಯ್ಡ್‌ಗಳು (ಗಿಡಗಳಲ್ಲಿ ಹುಟ್ಟುವ, ದೇಹದ ಮೇಲೆ ಪರಿಣಾಮ ಬೀರುವ ರಾಸಾಯನಿಕಗಳು) ಹಾಳೆಯಿಂದ ಆಹಾರಕ್ಕೆ ಇಳಿಯಬಹುದೆಂಬ ಕಾರಣವನ್ನು ಕೊಟ್ಟಿದೆ. ಅದೇ ಸಂಸ್ಥೆಯ ಹೆಸರನ್ನು ಪೊಟ್ಟಣದ ಮೇಲೆ ಶಿಫಾರಸಿನಂತೆ ಹಾಕುವುದು ಸುಳ್ಳಷ್ಟೇ ಅಲ್ಲ, ಗೊತ್ತಿದ್ದೂ ಹೇಳಿದ ಸುಳ್ಳಾಗುತ್ತದೆ.

ಉಳಿದ ಸಾಲುಗಳಿಗೆ ನಮ್ಮಲ್ಲೇ ಸ್ಪಷ್ಟ ನಿಯಮವಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಪರಿಸರದ ಹೆಸರಿನಲ್ಲಿ ದಾರಿ ತಪ್ಪಿಸುವ ಹೇಳಿಕೆಗಳನ್ನು ತಡೆಯಲು 2024ರ ಅಕ್ಟೋಬರ್ 15ರಂದು ಮಾರ್ಗಸೂಚಿಗಳನ್ನು ಪ್ರಕಟಿಸಿದೆ. ಜಾಹೀರಾತು ಸಂಸ್ಥೆಗಳ ಸ್ವನಿಯಂತ್ರಣ ಮಂಡಳಿಯಾದ ಎಎಸ್‌ಸಿಐ ಕೂಡ ಅದೇ ವರ್ಷದ ಫೆಬ್ರುವರಿ 15ರಿಂದ ಇಂಥದೇ ನಿಯಮಗಳನ್ನು ಜಾರಿಗೆ ತಂದಿತ್ತು. ‘ಗ್ರೀನ್’, ‘ಇಕೋ ಫ್ರೆಂಡ್ಲಿ’, ‘ನ್ಯಾಚುರಲ್’, ‘ಸಸ್ಟೇನಬಲ್’ ಎಂಬಂಥ ಪದಗಳನ್ನು ಬಳಸಲೇಬಾರದು ಎಂದು ಪ್ರಾಧಿಕಾರ ಹೇಳಿಲ್ಲ; ಯಾವ ಅರ್ಥದಲ್ಲಿ, ಯಾವ ಆಧಾರದ ಮೇಲೆ ಎಂಬ ವಿವರಣೆಯಿಲ್ಲದೆ ಬಳಸಬಾರದು ಎಂದಿದೆ. ಹೇಳಿಕೆ ಇಡೀ ವಸ್ತುವಿಗೆ ಸಂಬಂಧಿಸಿದ್ದೇ, ಅದರ ಒಂದು ಭಾಗಕ್ಕೇ, ತಯಾರಿಕೆಯ ವಿಧಾನಕ್ಕೇ, ಹೊರ ಪೊಟ್ಟಣಕ್ಕೇ, ಬಳಸಿದ ಮೇಲೆ ವಿಲೇವಾರಿ ಮಾಡುವ ರೀತಿಗೇ ಎಂಬುದನ್ನು ಬಿಡಿಸಿ ಹೇಳಬೇಕು. ಜಾಗ ಸಾಲದಿದ್ದರೆ ಕ್ಯೂಆರ್ ಕೋಡ್ ಅಥವಾ ವೆಬ್ ವಿಳಾಸದ ಮೂಲಕ ವಿವರ ಕೊಡಬಹುದು. ನಿಮ್ಮ ತಟ್ಟೆಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಕೊಡುತ್ತೀರಾದರೆ ‘100%’ ಎಂಬ ಮಾತು ಅಲ್ಲಿಗೇ ಮುಗಿಯಿತು.

ಪೊಟ್ಟಣವೆಂದರೆ ಜಾಹೀರಾತಲ್ಲವಲ್ಲ ಎಂದು ಕೆಲವರು ವಾದಿಸುವುದುಂಟು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಜಾಹೀರಾತು’ ಎಂಬುದರ ವ್ಯಾಖ್ಯೆಯೊಳಗೇ ಲೇಬಲ್, ಹೊದಿಕೆ, ಇನ್‌ವಾಯ್ಸ್‌ಗಳೂ ಸೇರಿವೆ. ದಾರಿ ತಪ್ಪಿಸುವ ಜಾಹೀರಾತಿಗೆ ಪ್ರಾಧಿಕಾರವು 10 ಲಕ್ಷ ರೂಪಾಯಿವರೆಗೆ, ಮತ್ತೆ ಅದೇ ತಪ್ಪು ನಡೆದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಸಣ್ಣ ಘಟಕದ ಬಾಗಿಲಿಗೆ ನಾಳೆಯೇ ನೋಟಿಸು ಬರುತ್ತದೆಂದು ಹೆದರಿಸುವುದು ನನ್ನ ಉದ್ದೇಶವಲ್ಲ. ನಿಮ್ಮಿಂದ ಕೊಂಡ ಕಂಪನಿ ನಿಮ್ಮ ಹೇಳಿಕೆಯನ್ನೇ ತನ್ನ ಹೇಳಿಕೆಯಾಗಿ ಮುಂದೆ ದಾಟಿಸುತ್ತದೆ ಎಂಬುದನ್ನು ನೆನಪಿಸುತ್ತಿದ್ದೇನೆ.

‘ರಾಸಾಯನಿಕಮುಕ್ತ’ದ ಬಗ್ಗೆ ನಿಮಗೇ ಒಂದು ಪ್ರಶ್ನೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವುದಿಲ್ಲವೇ? ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಗೊನೆಗೆ ಬಿಟ್ಟಾಗ ಅದು ಹಾಳೆಯ ಮೇಲೂ ಇಳಿಯುತ್ತದೆ. ತೊಳೆದಾಗ ಎಷ್ಟು ಹೋಗುತ್ತದೆ, ಎಷ್ಟು ಉಳಿಯುತ್ತದೆ ಎಂಬುದನ್ನು ಪರೀಕ್ಷೆ ಮಾಡಿಸಿ ತಿಳಿಯಬೇಕೇ ಹೊರತು ಪೊಟ್ಟಣದ ಮೇಲೆ ಘೋಷಿಸುವಂತಿಲ್ಲ. ಕೊಂಡು ತಂದ ಹಾಳೆಯ ತೋಟದಲ್ಲಿ ಏನು ಸಿಂಪಡಿಸಿದ್ದಾರೆಂಬುದಂತೂ ನಿಮ್ಮ ಕೈಯಲ್ಲೇ ಇಲ್ಲ.

ಕೊನೆಯದಾಗಿ, ಭಾರತೀಯ ಮಾನಕ ಸಂಸ್ಥೆ 2023ರಲ್ಲಿ ಕೃಷಿ ಉಪಉತ್ಪನ್ನಗಳಿಂದ ಮಾಡಿದ ಊಟದ ಸಾಮಗ್ರಿಗಳಿಗಾಗಿಯೇ ಐಎಸ್ 18267 ಎಂಬ ಮಾನಕವನ್ನು ತಂದಿದೆ. ಎಲೆ, ಹಾಳೆಗಳ ತಟ್ಟೆ, ಬಟ್ಟಲುಗಳೆಲ್ಲ ಅದರಡಿಯಲ್ಲಿ ಬರುತ್ತವೆ. ಅದನ್ನು ತರಿಸಿಕೊಂಡು ಓದಿ. ಆದರೆ ಓದಿ ಅನುಸರಿಸಿದ ಮಾತ್ರಕ್ಕೆ ಐಎಸ್‌ಐ ಗುರುತು ಹಾಕುವಂತಿಲ್ಲ, ಅದಕ್ಕೆ ಪರವಾನಗಿ ಬೇಕು.

ಉತ್ತರ: ಕೈಪಿಡಿಗಾರ, ಬೆಂಗಳೂರು

ನಾನು ವೈದ್ಯಕೀಯ ಉಪಕರಣಗಳ ಬಳಕೆಯ ಕೈಪಿಡಿಗಳನ್ನು ಬರೆಯುವವನು. ಕಟ್ಟಳೆಯವರು ಕಾನೂನಿನ ಕಡೆಯಿಂದ ಹೇಳಿದ್ದನ್ನು ನಾನು ಬರವಣಿಗೆಯ ಕಡೆಯಿಂದ ಹೇಳುತ್ತೇನೆ. ನಿಮ್ಮ ಆರು ಸಾಲುಗಳಲ್ಲಿರುವ ಸಮಾನ ದೋಷವೆಂದರೆ, ಯಾವುದಕ್ಕೂ ಕರ್ತೃವಿಲ್ಲ, ಯಾವುದಕ್ಕೂ ಸ್ಥಿತಿಯಿಲ್ಲ. ಯಾರು ಏನು ಮಾಡಿದರು, ಯಾವ ಸಂದರ್ಭದಲ್ಲಿ ಏನಾಯಿತು ಎಂಬುದನ್ನು ಬಿಟ್ಟುಬಿಟ್ಟರೆ ಉಳಿಯುವುದು ವಿಶೇಷಣ ಮಾತ್ರ. ಓದುವವನಿಗೆ ಅದನ್ನು ನಂಬುವ ಅಥವಾ ನಂಬದಿರುವ ಆಯ್ಕೆಯಿದೆ, ಪರೀಕ್ಷಿಸುವ ದಾರಿಯಿಲ್ಲ.

‘60 ದಿನಗಳಲ್ಲಿ ಮಣ್ಣಾಗುತ್ತದೆ’ ಎಂಬುದನ್ನೇ ನೋಡಿ. ಎಲ್ಲಿ? ಜೂನ್ ತಿಂಗಳಲ್ಲಿ ನಿಮ್ಮ ತೋಟದ ಬುಡದಲ್ಲಿ, ಗೆದ್ದಲು, ಎರೆಹುಳು, ತೇವ ಎಲ್ಲ ಇರುವ ಕಡೆ, ಬಹುಶಃ ಅದಕ್ಕೂ ಬೇಗ. ಕಸದ ರಾಶಿಯ ಅಡಿಯಲ್ಲಿ, ಗಾಳಿಯಾಡದ ಕಡೆ ಲೆಕ್ಕವೇ ಬೇರೆ. ಗ್ರಾಹಕರಿಗೆ ಮೋಸವಾಗದಂತೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2012ರಲ್ಲಿ ಪರಿಷ್ಕರಿಸಿದ ತನ್ನ ಮಾರ್ಗದರ್ಶಿಯಲ್ಲಿ ಇದಕ್ಕೊಂದು ಅಳತೆಗೋಲು ಕೊಟ್ಟಿದೆ: ಜನ ಆ ವಸ್ತುವನ್ನು ಸಾಮಾನ್ಯವಾಗಿ ಎಲ್ಲಿ ಎಸೆಯುತ್ತಾರೋ ಅಲ್ಲಿ ಒಂದು ವರ್ಷದೊಳಗೆ ಪೂರ್ತಿಯಾಗಿ ಕರಗದಿದ್ದರೆ, ಯಾವ ಷರತ್ತನ್ನೂ ಹೇಳದೆ ಕರಗುತ್ತದೆ ಎಂದು ಬರೆಯುವುದು ಮೋಸ. ಪ್ರಯೋಗಾಲಯದಲ್ಲಿ ಕರಗುವುದಲ್ಲ, ಎಸೆದ ಜಾಗದಲ್ಲಿ ಕರಗುವುದು ಅಲ್ಲಿನ ಲೆಕ್ಕ. ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್‌ಗಾಗಿ ಇರುವ ಐಎಸ್‌ಒ 17088ರಂಥ ಅಂತರರಾಷ್ಟ್ರೀಯ ಮಾನಕಗಳಲ್ಲಿ ಸುಮಾರು 58 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಗರಿಷ್ಠ 180 ದಿನಗಳ ಪರೀಕ್ಷೆ ಇರುತ್ತದೆ. ಮನೆಯ ಹಿತ್ತಲಿನ ಗೊಬ್ಬರದ ಗುಂಡಿ ಆ ಉಷ್ಣತೆಯನ್ನು ವಾರಗಟ್ಟಲೆ ಹಿಡಿದಿಡುವುದಿಲ್ಲ. ನಿಮ್ಮದು ಪ್ಲಾಸ್ಟಿಕ್ ಅಲ್ಲದ ಕಾರಣ ಆ ಪ್ರಮಾಣಪತ್ರವನ್ನು ನಿಮ್ಮ ಪೊಟ್ಟಣದ ಮೇಲೆ ತೋರಿಸುವುದಕ್ಕೂ ಅರ್ಥವಿಲ್ಲ. ಪರೀಕ್ಷೆ ಇಲ್ಲದಿದ್ದರೆ ದಿನಗಳ ಸಂಖ್ಯೆಯನ್ನು ಬಿಟ್ಟುಬಿಡಿ. ‘ಬಳಸಿದ ಮೇಲೆ ತುಂಡು ಮಾಡಿ ಗೊಬ್ಬರದ ಗುಂಡಿಗೆ ಹಾಕಬಹುದು’ ಎಂದರೆ ಓದಿದವನಿಗೆ ಮಾಡಲು ಒಂದು ಕೆಲಸ ಸಿಗುತ್ತದೆ, ನಿಮ್ಮ ಮೇಲೆ ಹುಸಿ ಭರವಸೆಯ ಹೊರೆಯೂ ಬೀಳುವುದಿಲ್ಲ.

ಮೈಕ್ರೋವೇವ್ ಸಾಲೂ ಹೀಗೆಯೇ. ಎಷ್ಟು ವಾಟ್‌ನಲ್ಲಿ, ಎಷ್ಟು ಹೊತ್ತು, ತಟ್ಟೆಯಲ್ಲಿ ಆಹಾರವಿದ್ದಾಗಲೇ, ಖಾಲಿ ಇದ್ದಾಗಲೇ? ಒಣ ಹಾಳೆ ಕಾದರೆ ಕರಟುತ್ತದೆ. ಪರೀಕ್ಷಿಸಿದ್ದರೆ ಆ ಸ್ಥಿತಿಯನ್ನು ಬರೆಯಿರಿ, ಪರೀಕ್ಷಿಸಿಲ್ಲವಾದರೆ ‘ಮೈಕ್ರೋವೇವ್‌ನಲ್ಲಿ ಬಳಸಬೇಡಿ’ ಎಂದು ಬರೆಯಿರಿ. ಎರಡಕ್ಕೂ ನಡುವೆ ‘ಸುರಕ್ಷಿತ’ ಎಂಬ ಪದಕ್ಕೆ ಜಾಗವಿಲ್ಲ.

ಈಗ ಎರಡನೆಯ ಪ್ರಶ್ನೆ. ಅಮೆರಿಕದ ಎಚ್ಚರಿಕೆಯನ್ನು ನೀವಾಗಿಯೇ ಪ್ರಸ್ತಾಪಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅವರು ಓದಿದ್ದಾರೆಂದು ನಿಮಗೆ ಗೊತ್ತು. ನಿಮಗೆ ಗೊತ್ತೆಂದು ಅವರಿಗೂ ಗೊತ್ತು. ಹೀಗಿರುವಾಗ ಪತ್ರದಲ್ಲಿ ಆ ಜಾಗವನ್ನು ಖಾಲಿ ಬಿಟ್ಟರೆ ಉಳಿದ ಸಾಲುಗಳನ್ನೂ ಅವರು ಅನುಮಾನದಿಂದಲೇ ಓದುತ್ತಾರೆ. ಆದರೆ ಹೇಗೆ ಬರೆಯಬೇಕೆಂಬುದೇ ಮುಖ್ಯ. ಅಮೆರಿಕದವರದು ವ್ಯಾಪಾರ ರಾಜಕೀಯ, ನಮ್ಮ ಅಜ್ಜಂದಿರು ಹಾಳೆಯಲ್ಲೇ ಉಂಡಿದ್ದಾರೆ ಎಂಬ ಧಾಟಿ ಬೇಡ. ಅಜ್ಜಂದಿರು ಉಂಡದ್ದು ನಿಜವಿರಬಹುದು, ಆದರೆ ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ. ಹಾಗೆಯೇ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಾದ ಐಎಆರ್‌ಸಿ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿರುವುದು ಜಗಿಯುವ ಅಡಿಕೆಗೆ ಸಂಬಂಧಿಸಿದ್ದು, ಹಾಳೆಗಲ್ಲ. ಈ ವ್ಯತ್ಯಾಸವನ್ನು ಒಂದು ವಾಕ್ಯದಲ್ಲಿ ಹೇಳಬಹುದು, ಆದರೆ ಅದನ್ನೇ ಹಾಳೆ ನಿರಪಾಯಕಾರಿ ಎಂಬುದಕ್ಕೆ ಪುರಾವೆಯಾಗಿ ಒಡ್ಡಬಾರದು.

ಪರೀಕ್ಷಾ ವರದಿ ಇದ್ದರೆ ಅದನ್ನು ಓದುವಾಗ ಎರಡು ವಿಷಯಗಳ ಬಗ್ಗೆ ಎಚ್ಚರವಿರಲಿ. ಅನೇಕ ಘಟಕಗಳ ಬಳಿ ಇರುವುದು ಐಎಸ್ 9845 ಪ್ರಕಾರದ ‘ಒಟ್ಟು ವಲಸೆ’ ಪರೀಕ್ಷೆಯ ವರದಿ. ಮೂಲತಃ ಪ್ಲಾಸ್ಟಿಕ್‌ಗೆಂದು ರೂಪಿಸಿದ ಆ ಪರೀಕ್ಷೆಯಲ್ಲಿ ವಸ್ತುವನ್ನು ನೀರು, ಅಸಿಟಿಕ್ ಆಮ್ಲದ ದ್ರಾವಣ, ಎಥನಾಲ್ ದ್ರಾವಣಗಳಂಥ ಆಹಾರದ ಪ್ರತಿನಿಧಿ ದ್ರವಗಳಲ್ಲಿ ನಿಗದಿತ ಉಷ್ಣತೆಯಲ್ಲಿ ನಿಗದಿತ ಹೊತ್ತು ಇಟ್ಟು, ಅದರಿಂದ ಒಟ್ಟಾರೆ ಎಷ್ಟು ಪದಾರ್ಥ ಹೊರಬಂತೆಂದು ತೂಗುತ್ತಾರೆ. ಪ್ಲಾಸ್ಟಿಕ್‌ಗೆ ಮಿತಿ ಪ್ರತಿ ಕಿಲೋಗೆ 60 ಮಿಲಿಗ್ರಾಂ. ಹೊರಬಂದದ್ದು ಏನು ಎಂಬುದನ್ನು ಆ ಪರೀಕ್ಷೆ ಹೇಳುವುದಿಲ್ಲ. ಅರೆಕೋಲಿನ್ ಬಗ್ಗೆ ಕೇಳಿದವರಿಗೆ ಈ ವರದಿಯನ್ನು ತೋರಿಸಿ ‘ಪರೀಕ್ಷೆಯಲ್ಲಿ ಪಾಸಾಗಿದೆ’ ಎನ್ನುವುದು, ಪ್ರತಿ ಪದವೂ ನಿಜವಾಗಿದ್ದೂ ಒಟ್ಟಾರೆ ದಾರಿ ತಪ್ಪಿಸುವ ಉತ್ತರ. ಆಲ್ಕಲಾಯ್ಡ್‌ಗಳನ್ನೇ ಹುಡುಕುವ ಪರೀಕ್ಷೆ ಬೇರೆ, ಅದನ್ನು ಹೆಸರಿಸಿಯೇ ಕೇಳಬೇಕು.

ಎರಡನೆಯದು, ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದಿದ್ದರೆ ಅದರ ಪಕ್ಕದಲ್ಲಿ ಪತ್ತೆಯ ಮಿತಿ ಎಂಬ ಅಂಕಿ ಇರಲೇಬೇಕು. ಆ ಯಂತ್ರ, ಆ ವಿಧಾನ ಎಷ್ಟು ಕಡಿಮೆ ಪ್ರಮಾಣವನ್ನು ಗುರುತಿಸಬಲ್ಲದೋ ಅದಕ್ಕಿಂತ ಕೆಳಗಿದೆ ಎಂಬುದಷ್ಟೇ ‘ಪತ್ತೆಯಾಗಿಲ್ಲ’ ಎಂಬುದರ ಅರ್ಥ. ಪತ್ರದಲ್ಲಿ ನೀವು ಅದನ್ನು ‘ಇಲ್ಲ’ ಎಂದು ಬದಲಿಸಿದ ಕ್ಷಣ, ಪ್ರಯೋಗಾಲಯ ಹೇಳದಿದ್ದನ್ನು ಅದರ ಬಾಯಿಯಿಂದ ಹೇಳಿಸಿದಂತೆ. ಮಿತಿಯ ಅಂಕಿ, ಬಳಸಿದ ದ್ರವ, ಉಷ್ಣತೆ, ಹೊತ್ತು, ಮಾದರಿ ಯಾವ ತಿಂಗಳ ದಾಸ್ತಾನಿನದು ಎಂಬುದನ್ನು ಹಾಗೆಯೇ ನಕಲು ಮಾಡಿ. ವರದಿ ಇಲ್ಲದಿದ್ದರೆ, ಪರೀಕ್ಷೆ ಮಾಡಿಸಿಲ್ಲ, ಇಂಥ ತಿಂಗಳಲ್ಲಿ ಮಾಡಿಸುತ್ತೇವೆ ಎಂದು ಬರೆಯಿರಿ.

ಉತ್ತರ: ಒತ್ತುಯಂತ್ರ, ಸಾಗರ

ಮೇಲಿನ ಇಬ್ಬರೂ ತಿಳಿದವರು, ಅವರ ಮಾತಿನಲ್ಲಿ ತಪ್ಪು ಹುಡುಕುತ್ತಿಲ್ಲ. ಆದರೆ ನಾನೂ ಇದೇ ಕಸುಬಿನವನಾದ್ದರಿಂದ ಮಾರಾಟದ ಕಡೆಯ ಮಾತನ್ನೂ ಇಲ್ಲಿ ದಾಖಲಿಸಬೇಕಾಗಿದೆ. ಅಂಗಡಿಯ ಕಪಾಟಿನಲ್ಲಿ ಎರಡು ಪೊಟ್ಟಣಗಳಿವೆ ಎಂದುಕೊಳ್ಳಿ. ಒಂದರ ಮೇಲೆ ದಪ್ಪ ಅಕ್ಷರದಲ್ಲಿ ‘100% ಪರಿಸರಸ್ನೇಹಿ’ ಎಂದಿದೆ. ಇನ್ನೊಂದರ ಮೇಲೆ ‘ಮೈಕ್ರೋವೇವ್‌ನಲ್ಲಿ ಬಳಸಬೇಡಿ, ಬೂಷ್ಟು ಕಂಡರೆ ಬಳಸಬೇಡಿ, ಪರೀಕ್ಷೆ ಇನ್ನೂ ಮಾಡಿಸಿಲ್ಲ’ ಎಂದಿದೆ. ಗಿರಾಕಿಯ ಕೈ ಯಾವುದರ ಕಡೆ ಹೋಗುತ್ತದೆ? ಪ್ರಾಮಾಣಿಕವಾಗಿ ಬರೆದವನ ಮಾಲು ಗೋದಾಮಿನಲ್ಲಿ ಕುಳಿತರೆ ಆ ಪ್ರಾಮಾಣಿಕತೆಯ ವೆಚ್ಚವನ್ನು ಯಾರು ಭರಿಸುತ್ತಾರೆ?

ಇನ್ನೊಂದು ಸಂಕಟವೂ ಇದೆ. ಪ್ಲಾಸ್ಟಿಕ್ ಲೇಪನವಿರುವ ಕಾಗದದ ತಟ್ಟೆಗಳು ಬರಿಯ ‘ಪೇಪರ್ ಪ್ಲೇಟ್’ ಎಂಬ ಹೆಸರಿನಲ್ಲಿ ಆರಾಮವಾಗಿ ಮಾರಾಟವಾಗುತ್ತವೆ. ಕಬ್ಬಿನ ಸಿಪ್ಪೆಯಂಥ ನಾರಿನಿಂದ ಅಚ್ಚು ಹಾಕಿದ ತಟ್ಟೆ, ಬಟ್ಟಲುಗಳಲ್ಲಿ ಎಣ್ಣೆ ಹೀರದಿರಲೆಂದು ಪರಿಸರದಲ್ಲಿ ಸುಲಭವಾಗಿ ಕರಗದ ಪಿಎಫ್‌ಎಎಸ್ ವರ್ಗದ ರಾಸಾಯನಿಕಗಳನ್ನು ಬಳಸುವ ರೂಢಿ ಹಲವು ದೇಶಗಳಲ್ಲಿ ಇತ್ತು. ಎಣ್ಣೆ ತಡೆಯುವ ಅಂಥ ಪದಾರ್ಥಗಳು ಆಹಾರದ ಪೊಟ್ಟಣಗಳಿಗಾಗಿ ಅಮೆರಿಕದ ಮಾರುಕಟ್ಟೆಯಲ್ಲಿ ಇನ್ನು ಮಾರಾಟವಾಗುತ್ತಿಲ್ಲವೆಂದು ಅಲ್ಲಿನ ಎಫ್‌ಡಿಎ ಪ್ರಕಟಿಸಿದ್ದೇ 2024ರ ಫೆಬ್ರುವರಿಯಲ್ಲಿ. ಮರದಿಂದ ಬಿದ್ದ ಹಾಳೆಯನ್ನು ನೀರಿನಲ್ಲಿ ತೊಳೆದು ಒತ್ತಿದ ನಾವು ಮಾತ್ರ ಪ್ರತಿ ಪದಕ್ಕೂ ಸಾಕ್ಷಿ ಒದಗಿಸಬೇಕು. ‘ಬೇರೆ ತಟ್ಟೆಗಳಿಗಿಂತ ಇದು ಒಳ್ಳೆಯದು’ ಎಂದಾದರೂ ಬರೆಯಬಹುದಲ್ಲ?

ಉತ್ತರ: ಕಟ್ಟಳೆ, ಮೈಸೂರು

ಬರೆಯಬಹುದು, ಆದರೆ ಯಾವ ಬೇರೆ ತಟ್ಟೆ, ಯಾವ ವಿಷಯದಲ್ಲಿ ಒಳ್ಳೆಯದು, ಯಾವ ಅಂಕಿಯ ಆಧಾರದ ಮೇಲೆ ಎಂಬುದನ್ನೂ ಬರೆಯಬೇಕು. ಹೋಲಿಕೆಯ ಹೇಳಿಕೆಗೆ ಪರಿಶೀಲಿಸಬಹುದಾದ, ಪ್ರಸ್ತುತವಾದ ದತ್ತಾಂಶ ಬೇಕೆಂದು ಮಾರ್ಗಸೂಚಿಯಲ್ಲೇ ಇದೆ. ಒತ್ತುಯಂತ್ರ ಅವರೇ, ನಿಮ್ಮ ಸಂಕಟದೊಳಗೇ ನಿಮ್ಮ ಅನುಕೂಲವೂ ಇದೆ. 2022ರಲ್ಲಿ ಅಮೆರಿಕದ ಎರಡು ಭಾರೀ ಚಿಲ್ಲರೆ ಮಾರಾಟ ಕಂಪನಿಗಳಾದ ಕೋಲ್ಸ್ ಮತ್ತು ವಾಲ್‌ಮಾರ್ಟ್, ರೇಯಾನ್ ಬಟ್ಟೆಯನ್ನು ಬಿದಿರಿನ ಬಟ್ಟೆಯೆಂದು ಮಾರಿದ ಪ್ರಕರಣದಲ್ಲಿ ಕ್ರಮವಾಗಿ 25 ಲಕ್ಷ ಮತ್ತು 30 ಲಕ್ಷ ಡಾಲರ್ ದಂಡ ತೆರಲು ಒಪ್ಪಬೇಕಾಯಿತು. ಬಿದಿರನ್ನು ತೀಕ್ಷ್ಣ ರಾಸಾಯನಿಕಗಳಲ್ಲಿ ಕರಗಿಸಿ ತೆಗೆದ ನೂಲು ರೇಯಾನ್ ಆಗಿರುತ್ತದೆ, ಬಿದಿರಾಗಿ ಉಳಿದಿರುವುದಿಲ್ಲ ಎಂಬುದು ಫೆಡರಲ್ ಟ್ರೇಡ್ ಕಮಿಷನ್ನಿನ ನಿಲುವಾಗಿತ್ತು. ನಿಮ್ಮ ತಟ್ಟೆಯ ವಿಷಯ ಹಾಗಲ್ಲ. ಅದು ಶುರುವಿನಲ್ಲೂ ಹಾಳೆ, ಕೊನೆಯಲ್ಲೂ ಹಾಳೆ. ‘ಅಂಟಿಲ್ಲ, ಲೇಪನವಿಲ್ಲ, ಬಣ್ಣವಿಲ್ಲ’ ಎಂದು ಬರೆಯಲು ನಿಮಗೆ ನಿಮ್ಮದೇ ಖರೀದಿ ಪುಸ್ತಕದ ಆಧಾರ ಸಾಕು. ಲೇಪನ ಹಾಕುವವರು ಆ ಸಾಲನ್ನು ಬರೆಯಲಾರರು. ಪ್ರತಿಸ್ಪರ್ಧಿಯ ಹೆಸರೆತ್ತದೆ ಅವರಿಗಿಂತ ಭಿನ್ನವೆಂದು ತೋರಿಸುವ ದಾರಿ ಇದು.

ಉತ್ತರ: ಖರೀದಿ ಮೇಜು, ಬೆಂಗಳೂರು

ನಾನು ಮೇಜಿನ ಆಚೆ ಬದಿಯವಳು. ಕ್ಯಾಂಟೀನು, ಸ್ವಚ್ಛತೆ, ಲೇಖನ ಸಾಮಗ್ರಿಗಳ ಖರೀದಿ ನೋಡಿಕೊಳ್ಳುತ್ತೇನೆ. ಷೇರುಪೇಟೆಯಲ್ಲಿ ನೋಂದಾಯಿತವಾದ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನಗಳಲ್ಲಿರುವ ಕಂಪನಿಗಳು 2022-23ರ ಆರ್ಥಿಕ ವರ್ಷದಿಂದ ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ ಬಿಆರ್‌ಎಸ್‌ಆರ್ ಎಂಬ, ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು ಕೊಡಲೇಬೇಕು. ಅದರಲ್ಲಿ ತ್ಯಾಜ್ಯವನ್ನು ಬಗೆಬಗೆಯಾಗಿ ತೂಕದಲ್ಲಿ ತೋರಿಸಬೇಕು, ಎಷ್ಟು ಮರುಬಳಕೆಗೆ ಹೋಯಿತು, ಎಷ್ಟು ಕಸ ಹೂಳುವ ಭೂಭರ್ತಿಗೆ ಹೋಯಿತು ಎಂಬುದನ್ನೂ ಹೇಳಬೇಕು. ಹೀಗಾಗಿ ನಿಮ್ಮಿಂದ ‘ಪರಿಸರ ಹೇಳಿಕೆ’ ಎಂದು ಕೇಳುವವರಿಗೆ ನಿಜವಾಗಿ ಬೇಕಾಗಿರುವುದು ಸಾಮಾನ್ಯವಾಗಿ ಹೊಗಳಿಕೆಯಲ್ಲ. ಒಂದು ತಟ್ಟೆಯ ಸರಾಸರಿ ತೂಕ ಎಷ್ಟು ಗ್ರಾಂ, ಒಂದು ಪೆಟ್ಟಿಗೆಯಲ್ಲಿ ಎಷ್ಟು ತಟ್ಟೆ, ಹೊರ ಹೊದಿಕೆ ಯಾವುದರದು ಮತ್ತು ಅದರ ತೂಕ ಎಷ್ಟು, ಹಾಳೆ ಯಾವ ತಾಲ್ಲೂಕುಗಳಿಂದ ಬರುತ್ತದೆ, ಇಷ್ಟು ತಿಳಿದರೆ ನಾನು ನನ್ನ ಕೋಷ್ಟಕ ತುಂಬಿಸಬಲ್ಲೆ. ‘ಭೂಮಿತಾಯಿಗೆ ನಮ್ಮ ಕಾಣಿಕೆ’ ಎಂಬ ಸಾಲನ್ನು ತುಂಬಲು ಆ ಕೋಷ್ಟಕದಲ್ಲಿ ಕಾಲಂ ಇಲ್ಲ.

ಒತ್ತುಯಂತ್ರ ಅವರ ಕಪಾಟಿನ ಮಾತು ಬಿಡಿ ಗಿರಾಕಿಯ ಮಟ್ಟಿಗೆ ನಿಜವಿರಬಹುದು, ಅದನ್ನು ಅಲ್ಲಗಳೆಯಲಾರೆ. ಸಗಟು ಖರೀದಿಯಲ್ಲಿ ಅದು ಹಾಗೆ ನಡೆಯುವುದಿಲ್ಲ. ನಮಗೆ ಪ್ರತಿ ಸರಬರಾಜುದಾರರಿಂದಲೂ ಒಂದೇ ಅಚ್ಚಿನ ಪತ್ರಗಳು ಬರುತ್ತವೆ, ಒಬ್ಬರು ಬರೆದದ್ದರ ಹೆಸರು ಬದಲಿಸಿ ಇನ್ನೊಬ್ಬರು ಕಳುಹಿಸಿದಂತೆ. ಅವುಗಳ ನಡುವೆ, ಮಳೆಗಾಲದಲ್ಲಿ ಒತ್ತಿದ ಮಾಲಿನಲ್ಲಿ ತೇವ ಹೆಚ್ಚಿರುವುದರಿಂದ ಇಷ್ಟು ದಿನಗಳೊಳಗೆ ಬಳಸಿ ಎಂದು ಬರೆದ ಘಟಕವೊಂದರ ಪತ್ರ ಬಂದಾಗ ನಾನು ಮೊದಲು ಫೋನ್ ಮಾಡಿದ್ದು ಅವರಿಗೆ. ಏಕೆಂದರೆ ಬೂಷ್ಟು ಹಿಡಿದ ಪೆಟ್ಟಿಗೆಯನ್ನು ಊಟದ ಹೊತ್ತಿನಲ್ಲಿ ಬಿಚ್ಚುವ ಪಾಡು ನಮ್ಮದು.

ಇನ್ನೊಂದು ಮಾತು. ‘ನಮ್ಮ ತಟ್ಟೆ ಬಳಸಿದರೆ ನಿಮ್ಮ ಕ್ಯಾಂಟೀನು ಶೂನ್ಯ ತ್ಯಾಜ್ಯವಾಗುತ್ತದೆ’ ಎಂಬಂಥ ವಾಕ್ಯ ದಯವಿಟ್ಟು ಬೇಡ. ನಮ್ಮ ಹಸಿ ಕಸವನ್ನು ಒಯ್ಯುವ ಗುತ್ತಿಗೆದಾರರು ತಟ್ಟೆಯನ್ನು ಪುಡಿ ಮಾಡಿ ಗೊಬ್ಬರಕ್ಕೆ ಹಾಕುತ್ತಾರೋ, ಗಟ್ಟಿಯೆಂದು ಆರಿಸಿ ಬದಿಗೆಸೆಯುತ್ತಾರೋ ಎಂಬುದು ನಿಮಗೆ ತಿಳಿಯುವ ವಿಷಯವಲ್ಲ. ಅದನ್ನು ವಿಚಾರಿಸಿ ಬರೆಯುವುದು ನಮ್ಮ ಕೆಲಸ.

ಮರುಉತ್ತರ: ತೋಟದಂಚು, ಸುಳ್ಯ

ಎಲ್ಲರಿಗೂ ಧನ್ಯವಾದಗಳು. ಹೌದು, ಮದ್ದು ಬಿಡುತ್ತೇವೆ. ಬಿಡದೆ ಈ ಮಳೆಯಲ್ಲಿ ಅಡಿಕೆ ಉಳಿಯುವುದಿಲ್ಲ. ಆದ್ದರಿಂದ ಆ ಸಾಲು ಹೋಯಿತು. ವಿನ್ಯಾಸದವರಿಗೆ ಕಳುಹಿಸುವ ಮೊದಲು ಪೊಟ್ಟಣದ ಹೊಸ ಕರಡನ್ನು ಇಲ್ಲಿ ಹಾಕುತ್ತಿದ್ದೇನೆ, ನೋಡಿ ಹೇಳಿ.

‘ಅಡಿಕೆ ಮರದಿಂದ ತಾನಾಗಿ ಕಳಚಿ ಬಿದ್ದ ಹಾಳೆಯಿಂದ ತಯಾರಿಸಲ್ಪಟ್ಟಿದೆ. ಶುದ್ಧ ನೀರಿನಲ್ಲಿ ತೊಳೆದು ಬಿಸಿ ಅಚ್ಚಿನಲ್ಲಿ ಒತ್ತಲಾಗಿದೆ. ಅಂಟು, ಬಣ್ಣ, ಮೇಣ, ಲೇಪನ ಬಳಸಲಾಗಿಲ್ಲ. ಒಮ್ಮೆ ಮಾತ್ರ ಬಳಸಿ. ಬಳಸಿದ ನಂತರ ಹಸಿ ಕಸದೊಂದಿಗೆ ಹಾಕಿ ಅಥವಾ ಗೊಬ್ಬರದ ಗುಂಡಿಗೆ ಹಾಕಿ. ತಂಪಾದ ಜಾಗದಲ್ಲಿ ಇಡಿ. ಬೂಷ್ಟು ಕಂಡುಬಂದಲ್ಲಿ ಬಳಸಬಾರದು.’

ಪತ್ರದಲ್ಲಿ ಅಮೆರಿಕದ ವಿಷಯಕ್ಕೆ ಹೀಗೆ ಬರೆದಿದ್ದೇನೆ: ‘2025ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಡಿಎ ಅಡಿಕೆ ಹಾಳೆಯ ತಟ್ಟೆಗಳಿಗೆ ಸಂಬಂಧಿಸಿ ಆಮದು ಎಚ್ಚರಿಕೆ ಹೊರಡಿಸಿದೆ. ಹಾಳೆಯಲ್ಲಿರುವ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಇಳಿಯಬಹುದೆಂಬುದು ಅದು ಕೊಟ್ಟ ಕಾರಣ. ನಮ್ಮ ಬಳಿ ಒಟ್ಟು ವಲಸೆ ಪರೀಕ್ಷೆಯ ವರದಿ ಇದ್ದು, ಅದರ ಪ್ರತಿಯನ್ನು ಲಗತ್ತಿಸಿದ್ದೇವೆ. ಈ ವರದಿ ಆಲ್ಕಲಾಯ್ಡ್‌ಗಳನ್ನು ಪ್ರತ್ಯೇಕವಾಗಿ ಅಳೆದಿಲ್ಲ. ಅದಕ್ಕಾಗಿ ಬೇರೆ ಪರೀಕ್ಷೆಗೆ ಮಾದರಿ ಕಳುಹಿಸುತ್ತಿದ್ದು, ಫಲಿತಾಂಶ ಏನೇ ಬಂದರೂ ತಮಗೆ ತಿಳಿಸುತ್ತೇವೆ.’

ಉತ್ತರ: ಕೈಪಿಡಿಗಾರ, ಬೆಂಗಳೂರು

ಪತ್ರದ ಭಾಗವನ್ನು ಮುಟ್ಟುವ ಅಗತ್ಯವಿಲ್ಲ. ‘ಫಲಿತಾಂಶ ಏನೇ ಬಂದರೂ’ ಎಂಬಷ್ಟನ್ನು ಮಾತ್ರ, ನಡೆಸಿಕೊಡುವ ಮನಸ್ಸಿದ್ದರೆ ಉಳಿಸಿಕೊಳ್ಳಿ.

ಪೊಟ್ಟಣದ ಕರಡಿನಲ್ಲಿ ಕೆಲವು ಕಡೆ ಕೈಯಾಡಿಸಬೇಕಾಗಿದೆ. ‘ತಾನಾಗಿ ಕಳಚಿ ಬಿದ್ದ’ ಎಂಬುದು ನಿಮ್ಮ ತೋಟದ ಮಟ್ಟಿಗೆ ನಿಮಗೆ ಗೊತ್ತು. ಕೊಂಡ ಹಾಳೆ? ತಂದುಕೊಡುವವರು ಬಿದ್ದದ್ದನ್ನೇ ಹೆಕ್ಕುತ್ತಾರೆಂದು ವಿಚಾರಿಸಿ ಖಚಿತಪಡಿಸಿಕೊಂಡಿದ್ದರೆ ಇರಲಿ, ಇಲ್ಲದಿದ್ದರೆ ‘ಅಡಿಕೆ ಹಾಳೆಯಿಂದ ಮಾಡಿದ್ದು’ ಎಂದಷ್ಟೇ ಸಾಕು. ‘ಶುದ್ಧ’ ಎಂಬುದು ಹಳೆಯ ಮಾದರಿಯ ಗುಂಪಿನಿಂದ ತಪ್ಪಿಸಿಕೊಂಡು ಒಳಗೆ ನುಸುಳಿದ ಪದ. ಬಾವಿಯ ನೀರಾದರೆ ಬಾವಿಯ ನೀರು ಎನ್ನಿ, ಅಥವಾ ಬರಿಯ ‘ನೀರು’ ಎನ್ನಿ. ‘ತಯಾರಿಸಲ್ಪಟ್ಟಿದೆ’, ‘ಬಳಸಲಾಗಿಲ್ಲ’ ಎಂಬ ಕಚೇರಿಯ ಭಾಷೆಯ ಬದಲು ‘ಒತ್ತಿದ್ದೇವೆ’, ‘ಬಳಸಿಲ್ಲ’ ಎಂದರೆ ಹೊಣೆ ಯಾರದೆಂದು ತಿಳಿಯುತ್ತದೆ. ‘ತಂಪಾದ ಜಾಗ’ ಎಂದರೆ ಕೆಲವರು ಫ್ರಿಜ್ಜಿನಲ್ಲಿ ಇಟ್ಟಾರು. ನಿಮಗೆ ಬೇಕಾಗಿರುವುದು ತೇವವಿಲ್ಲದ, ಗಾಳಿಯಾಡುವ ಜಾಗ. ಬೂಷ್ಟಿನ ಸೂಚನೆ ಕೊನೆಯಲ್ಲಿದೆ, ಅದು ಬಳಸುವ ಮೊದಲು ನೋಡಬೇಕಾದ ಸಂಗತಿಯಾದ್ದರಿಂದ ಸೂಚನೆಗಳಲ್ಲಿ ಮೊದಲಿಗೆ ಬರಬೇಕು. 2023ರಲ್ಲಿ ಬಂದ ಸರಳ ಭಾಷೆಯ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 24495-1 ಕೂಡ, ಓದುವವನಿಗೆ ಬೇಕಾದದ್ದು ಅವನಿಗೆ ಸುಲಭವಾಗಿ ಸಿಗುವಂತಿರಬೇಕು ಎಂದೇ ಹೇಳುತ್ತದೆ. ಮೈಕ್ರೋವೇವ್ ಬಗ್ಗೆ ನೀವು ಏನನ್ನೂ ಬರೆದಿಲ್ಲ. ಬಳಸುವವರು ಹೇಗೂ ಒಳಗಿಟ್ಟು ನೋಡುತ್ತಾರೆ, ಆದ್ದರಿಂದ ಮೌನ ಸಾಲದು.

ಹೊರ ಹೊದಿಕೆ ಪ್ಲಾಸ್ಟಿಕ್ ಎಂದುಕೊಂಡರೆ, ತಿದ್ದಿದ ರೂಪ ಹೀಗಿರಬಹುದು:

‘ಅಡಿಕೆ ಹಾಳೆಯನ್ನು ನೀರಿನಲ್ಲಿ ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿ ಮಾಡಿದ ತಟ್ಟೆ. ಅಂಟು, ಬಣ್ಣ, ಮೇಣ, ಲೇಪನ ಯಾವುದನ್ನೂ ನಾವು ಬಳಸಿಲ್ಲ. ಬಳಸುವ ಮೊದಲು ನೋಡಿ: ಬೂಷ್ಟು ಇದ್ದರೆ ಬಳಸಬೇಡಿ. ಮೈಕ್ರೋವೇವ್ ಅಥವಾ ಓವನ್‌ನಲ್ಲಿ ಇಡಬೇಡಿ. ಒಮ್ಮೆ ಮಾತ್ರ ಬಳಸಿ. ಬಳಸಿದ ಮೇಲೆ ತುಂಡು ಮಾಡಿ ಗೊಬ್ಬರದ ಗುಂಡಿಗೆ, ಅಥವಾ ನಿಮ್ಮ ಊರಿನಲ್ಲಿ ತೆಗೆದುಕೊಳ್ಳುವುದಾದರೆ ಹಸಿ ಕಸಕ್ಕೆ ಹಾಕಿ. ಹೊರಗಿನ ಹೊದಿಕೆ ಪ್ಲಾಸ್ಟಿಕ್; ಅದನ್ನು ಒಣ ಕಸಕ್ಕೆ ಹಾಕಿ. ತೇವವಿಲ್ಲದ, ಗಾಳಿಯಾಡುವ ಜಾಗದಲ್ಲಿ ಇಡಿ.’

ತಯಾರಕರ ಹೆಸರು ವಿಳಾಸ, ಎಣಿಕೆ, ತಯಾರಾದ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ, ದೂರು ನೀಡಬೇಕಾದ ಸಂಪರ್ಕ, ಇವು ಪೊಟ್ಟಣ ಸರಕುಗಳ ನಿಯಮದಂತೆ ಹೇಗೂ ಇರಬೇಕಾದವು. ಅವುಗಳ ಪಕ್ಕದಲ್ಲಿ ಬ್ಯಾಚ್ ಸಂಖ್ಯೆಯನ್ನೂ ಸೇರಿಸಿ. ನಾಳೆ ಆಲ್ಕಲಾಯ್ಡ್ ವರದಿ ಬಂದಾಗ ಅದು ಯಾವ ದಾಸ್ತಾನಿಗೆ ಅನ್ವಯಿಸುತ್ತದೆಂದು ಖರೀದಿ ಮೇಜಿನವರು ಕೇಳಿಯೇ ಕೇಳುತ್ತಾರೆ.

ಉತ್ತರ: ಒತ್ತುಯಂತ್ರ, ಸಾಗರ

ಕಪಾಟಿನ ಬಗ್ಗೆ ನನ್ನ ಅನುಮಾನ ಹಾಗೆಯೇ ಇದೆ. ಆದರೆ ‘ಅಂಟು, ಬಣ್ಣ, ಮೇಣ, ಲೇಪನ’ದ ಸಾಲನ್ನು ಪೊಟ್ಟಣದ ಮುಂಭಾಗದಲ್ಲೇ ದಪ್ಪ ಅಕ್ಷರದಲ್ಲಿ ಹಾಕಲು ಅಡ್ಡಿಯಿಲ್ಲ ತಾನೇ? ಅಡ್ಡಿಯಿಲ್ಲವೆಂದಾದರೆ ನಮ್ಮ ಮುಂದಿನ ಮುದ್ರಣದಲ್ಲೂ ಅದೇ ಬರುತ್ತದೆ. ತೋಟದಂಚು ಅವರೇ, ಆಲ್ಕಲಾಯ್ಡ್ ಪರೀಕ್ಷೆಗೆ ಮಾದರಿ ಕಳುಹಿಸುವಾಗ ತಿಳಿಸಿ. ನಮ್ಮ ಕಡೆಯ ಹಾಳೆಯದ್ದನ್ನೂ ಜೊತೆಗೆ ಕಳುಹಿಸಿದರೆ ಖರ್ಚು ಹಂಚಿಕೊಳ್ಳಬಹುದು.